ಹೊರದಂಡೆಯವನ ಸಹಿ

ಅಪ್ಪನ ಜಮೀನು ಪಾಲಾದ ದಿನ ಟೀಚರಮ್ಮ ಹಿಂದಿನ ಸಾಲಲ್ಲಿ ಕೂತಿದ್ದಳು. ಹಾಸಿಗೆ ಹಿಡಿದ ಅಪ್ಪನನ್ನು ಆರು ವರ್ಷ ನೋಡಿಕೊಂಡವಳು ಅವಳು. ಪಾಲಿನ ಹೊತ್ತಿಗೆ ಮುಂದೆ ಬಂದು ಕೂತವನು ಮರ ಕೊಯ್ಯುವ ಸಾಮಿಲ್ಲು ನಡೆಸುವ ಅಣ್ಣ. ಹೊಳೆಯಾಚೆಯ ಎತ್ತರದ ದಂಡೆಯನ್ನು, ಆ ಕಪ್ಪು ಮಣ್ಣಿನ ನೆಲವನ್ನು, ತನ್ನ ಹೆಸರಿಗೆ ಬರೆಸಿಕೊಂಡು ಈಚೆಯ ಮರಳುಪಟ್ಟಿಯನ್ನು ತಂಗಿಯತ್ತ ತಳ್ಳಿದ.

"ನಿಂಗೆ ಇಷ್ಟು ಸಾಕು. ಮರಳಲ್ಲಿ ಗುಬ್ಬಿಗೂಡು ಕಟ್ಟಿ ಆಡ್ಕೋ," ಎಂದು ನಾಲ್ಕು ಜನರ ಮುಂದೆ ನಕ್ಕ. ಗಡಿ ಎಲ್ಲಿ ಎಂದು ಪತ್ರ ಬರೆಯುವವರು ಕೇಳಿದಾಗ, "ಹೊಳೆ ಎಲ್ಲಿ ಹರಿಯುತ್ತೋ ಅಲ್ಲೇ ಗಡಿ," ಎಂದವನೂ ಅವನೇ.

ಆ ನಗುವನ್ನು ಅವಳು ಮರೆಯಲಿಲ್ಲ. ಆದರೆ ಅವಳು ಏಳನೇ ತರಗತಿಗೆ ಭೂಗೋಳ ಕಲಿಸುವವಳು. ಹೊಳೆ ಅಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದಲ್ಲಿ ಹೊರಗಿನ ನೀರಿಗೆ ರಭಸ ಜಾಸ್ತಿ, ಅದು ದಂಡೆಯ ಬುಡ ಕೊರೆಯುತ್ತದೆ. ಒಳಗಿನ ನೀರು ನಿಧಾನ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಅಣ್ಣನದು ಹೊರದಂಡೆ, ಅವಳದು ಒಳದಂಡೆ. ಇದನ್ನು ಕರೆದು ಕೂರಿಸಿ ಅವನಿಗೆ ಹೇಳಲು ಅವಳಿಗೇನು ಹುಚ್ಚೇ?

ಹಾಗಂತ ಹೇಳದೆಯೂ ಬಿಡಲಿಲ್ಲ. ಮರುವರ್ಷ ಅಣ್ಣನ ಮಗಳು ಅವಳ ತರಗತಿಗೇ ಬಂದಳು. ಟೀಚರಮ್ಮ ಮೂರು ಪರೀಕ್ಷೆಯಲ್ಲೂ ಒಂದೇ ಪ್ರಶ್ನೆ ಹಾಕಿದಳು: ಬಾಗಿದ ನದಿಯ ಯಾವ ದಂಡೆಯಲ್ಲಿ ಕಟ್ಟಡ ಕಟ್ಟಬಾರದು, ಏಕೆ? ಹುಡುಗಿ ಜಾಣೆ, ಚಿತ್ರ ಬಿಡಿಸಿ ಹತ್ತಕ್ಕೆ ಹತ್ತು ತೆಗೆದಳು. ಉತ್ತರಪತ್ರಿಕೆಗೆ ಮನೆಯವರ ಸಹಿ ಹಾಕಿಸಿ ತರಬೇಕೆಂಬುದು ಶಾಲೆಯ ನಿಯಮ. ಮೂರು ಸಲವೂ ಹುಡುಗಿಯ ಅಪ್ಪನ ಸಹಿ ಬಂತು. ಅದೇ ಬೇಸಿಗೆಯಲ್ಲಿ ಅವನು ಹೊರದಂಡೆಯ ಮೇಲೆ ದೊಡ್ಡ ಸಾಮಿಲ್ಲಿಗೆ ಪಾಯ ತೋಡಿಸಿದ. ಟೀಚರಮ್ಮ ಆ ಮೂರು ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಪ್ರತಿ ಮಳೆಗಾಲ ಮುಗಿದ ಮೇಲೆ ಹೆಜ್ಜೆ ಹಾಕಿ ತನ್ನ ದಂಡೆ ಅಳೆಯುತ್ತಿದ್ದಳು. ಗಡಿ ಒಂದು ವರ್ಷ ಎರಡು ಹೆಜ್ಜೆ ಆಚೆ ಸರಿದರೆ, ಇನ್ನೊಂದು ವರ್ಷ ಐದು. ಮರಳಿನ ಮೇಲೆ ಹುಲ್ಲು ಬಂತು, ಹುಲ್ಲಿನ ಮೇಲೆ ಮಣ್ಣು ಕೂತಿತು. ಆ ಮಣ್ಣು ಕಪ್ಪಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದಾಗೆಲ್ಲ ಅವಳಿಗೆ ಹಾಲು ಕುಡಿದಷ್ಟು ಖುಷಿ.

ಹದಿನಾಲ್ಕನೆಯ ಮಳೆಗಾಲಕ್ಕೆ ಅಣ್ಣನ ದಿಮ್ಮಿಗಳು ನೆಲದ ಸಮೇತ ಹೊಳೆಗೆ ಜಾರಿದವು. ಆ ಭಾನುವಾರ ಅವನು ಕಾಗದ ಹಿಡಿದು ತಂಗಿಯ ಮನೆಗೆ ಬಂದ.

"ಮಿಲ್ಲಿನ ಶೆಡ್ಡಿಗೂ ನೀರಿಗೂ ಹನ್ನೆರಡು ಹೆಜ್ಜೆ ಉಳಿದಿದೆ ಕಣೆ. ನಿನ್ನ ಜಾಗದಲ್ಲಿ ನೆಟ್ಟಗೆ ಕಾಲುವೆ ತೋಡಿದ್ರೆ ಹೊಳೆ ಈ ಕಡೆ ತಿರುಗುತ್ತಂತೆ. ಒಂದು ಸಹಿ ಹಾಕು. ಇಲ್ದಿದ್ರೆ ನಾನು ಬೀದಿಗೆ ಬೀಳ್ತೀನಿ."

ಅವಳು ಕಾಗದ ಮುಟ್ಟದಿದ್ದುದನ್ನು ಕಂಡು ಅವನಿಗೆ ರೇಗಿತು. "ಹಿಂಗಾಗುತ್ತೆ ಅಂತ ನಿಂಗೆ ಗೊತ್ತಿತ್ತು ತಾನೆ? ಒಂದು ಮಾತು ಹೇಳ್ಬಾರದಿತ್ತಾ?"

ಈ ಮಾತಿಗಾಗಿಯೇ ಅವಳು ಹದಿನಾಲ್ಕು ವರ್ಷ ಕಾದಿದ್ದಳು. ಬೀರು ತೆಗೆದು ಮೂರು ಹಾಳೆಗಳನ್ನು ಅವನ ಮುಂದಿಟ್ಟಳು.

"ಹೇಳಿದ್ದೆ ಅಣ್ಣ. ಮೂರು ಸಲ."

ಮಗಳ ದುಂಡಗಿನ ಅಕ್ಷರ. 'ಹೊರದಂಡೆಯಲ್ಲಿ ಕಟ್ಟಡ ಕಟ್ಟಬಾರದು. ನದಿ ಅದನ್ನು ವರ್ಷವರ್ಷವೂ ತಿನ್ನುತ್ತದೆ.' ಕೆಳಗೆ ಅವನದೇ ಸಹಿ.

"ನಾನು ಓದಿರ್ಲಿಲ್ಲ ಕಣೆ," ಎಂದ ಅವನು, ದನಿ ಇಳಿಸಿ.

"ನಾನು ಓದದೆ ಸಹಿ ಹಾಕೋಳಲ್ಲ." ಕಾಲುವೆಯ ಕಾಗದವನ್ನು ಅವಳು ಮೊದಲಿಂದ ಕೊನೆಯವರೆಗೆ ಓದಿದಳು. ಪೆನ್ನು ತೆಗೆದಾಗ ಅಣ್ಣನ ಮುಖ ಅರಳಿತು. ಅದು ಕೆಂಪು ಪೆನ್ನು. ಕಾಗದದ ಮೂಲೆಯಲ್ಲಿ ಹತ್ತಕ್ಕೆ ಸೊನ್ನೆ ಹಾಕಿ ಅವನ ಕೈಗಿತ್ತಳು.

"ಮನೆಗೆ ಹೋಗಿ ಮಗಳ ಹತ್ರ ಸಹಿ ಹಾಕಿಸ್ಕೊಂಡು ಬಾ."