ಮುನ್ನೂರು ಅಡಿ ಅಪ್ಪಟ ನಾಡಚಿತ್ರ

ನಾಡಿನದು ಯಾವುದು, ಹೊರಗಿನದು ಯಾವುದು ಎಂದು ಸರ್ಕಾರ ಹುಣಸೂರಿನವರಿಗೆ ಕಲಿಸಿದ್ದು ಐವತ್ತೇಳನೇ ಇಸವಿಯಲ್ಲಿ. ಅದಕ್ಕೆ ಮುಂಚೆ ನಮಗೆ ಗೊತ್ತಿರಲಿಲ್ಲ. ಪಾಪ, ಸುಮ್ಮನೆ ಬದುಕಿಕೊಂಡಿದ್ದೆವು.

ನಾನಾಗ ಅಬ್ದುಲ್ ರಹಮಾನ್ ಸಾಹೇಬರ ಟೂರಿಂಗ್ ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದೆ. ಮೈಸೂರಿನ ಯಾವುದೋ ಕಚೇರಿಯಿಂದ ಒಂದು ಕಾಗದ ಬಂತು. ಪ್ರತಿ ಆಟಕ್ಕೂ ಮುಂಚೆ ಮುನ್ನೂರು ಅಡಿಗೆ ಕಡಿಮೆಯಿಲ್ಲದ 'ಅಪ್ಪಟ ನಾಡಚಿತ್ರ' ತೋರಿಸತಕ್ಕದ್ದು, ತಪ್ಪಿದರೆ ಟೆಂಟಿನ ಲೈಸೆನ್ಸು ಮುಂದುವರಿಯುವುದಿಲ್ಲ. ಅಂಥ ಚಿತ್ರ ಎಲ್ಲಿ ಸಿಗುತ್ತದೆ ಎಂದು ಮಾತ್ರ ಬರೆದಿರಲಿಲ್ಲ. ಅದನ್ನೂ ಬರೆದುಬಿಟ್ಟರೆ ಕಚೇರಿಗೆ ಮರ್ಯಾದೆ ಏನು ಉಳಿಯಿತು?

ಸಾಹೇಬರು ತಂದೆಯ ಕಾಲದ ಲಾಳದ ಅಂಗಡಿ ಮಾರಿ ಆ ಟೆಂಟು ತಂದವರು. ಟೆಂಟು ಹೋದರೆ ವಾಪಸು ಹೋಗಲು ಲಾಳವೂ ಇಲ್ಲ, ಕುದುರೆಯೂ ಇಲ್ಲ. ಅವಧಿ ಮುಗಿಯಲು ಮೂರು ತಿಂಗಳಿತ್ತು.

"ಎಲ್ಲೂ ಸಿಗ್ದಿದ್ರೆ ನಾವೇ ತೆಗೆಯೋದು ಕಣಪ್ಪ ಮರಿಯಯ್ಯ," ಎಂದರು.

ಕೆ.ಆರ್. ನಗರದ ಫೋಟೋ ಸ್ಟುಡಿಯೋದ ತಿಮ್ಮಯ್ಯ ಮದರಾಸಿನಿಂದ ಒಂದು ಸಿನಿಮಾ ಕ್ಯಾಮೆರಾ ಎರವಲು ತಂದ. ಸೀಮೆಯೆಲ್ಲ ಅಲೆದ. ಪಿರಿಯಾಪಟ್ಟಣದ ಹೊಗೆಸೊಪ್ಪು, ವೀರನಹೊಸಹಳ್ಳಿ ಕಾಡಂಚಿನ ಆನೆ, ಎಚ್.ಡಿ. ಕೋಟೆ ಕಡೆಯ ಬಿದಿರು ಕಡಿಯುವವರು, ಸಾಲಿಗ್ರಾಮದ ಹೊಳೆ, ಎಲ್ಲ ಹಿಡಿದ. ರೀಲನ್ನು ಮದರಾಸಿನಲ್ಲಿ ತೊಳೆಸಿ ತಂದ.

ಪರೀಕ್ಷಿಸಲು ಬಂದವರು ವೀರಭದ್ರಸ್ವಾಮಿ ಎಂಬ ಅಧಿಕಾರಿ. ಹುಟ್ಟಿದ್ದು ಮೈಸೂರಿನ ಅಗ್ರಹಾರದ ಬೀದಿ, ಕಂಡ ಹಳ್ಳಿ ಬಸ್ಸಿನ ಕಿಟಕಿಯಿಂದ. ಹಾಡಹಗಲಲ್ಲಿ ಟೆಂಟಿನೊಳಗೆ ಬೆಳಕು ನುಗ್ಗುತ್ತದೆ. ಆದ್ದರಿಂದ ಊರಿನ ರೈತ ನಂಜಣ್ಣ ಹೊಗೆಸೊಪ್ಪು ಒಣಗಿಸುವ ಕತ್ತಲೆ ಕೋಣೆಗೆ, ಅವನ ಬ್ಯಾರನ್ನಿಗೆ, ಪ್ರೊಜೆಕ್ಟರ್ ಹೊತ್ತು, ಬಾಗಿಲು ಹಾಕಿ, ಗೋಡೆಗೆ ಪಂಚೆ ಕಟ್ಟಿ ತೋರಿಸಿದೆವು.

"ನಿಲ್ಲಿಸಿ. ಈ ಹೊಗೆಸೊಪ್ಪು ಯಾವ ತಳಿ?"

"ವರ್ಜೀನಿಯಾ ಸ್ವಾಮಿ," ಎಂದ ನಂಜಣ್ಣ, ಎದೆಯುಬ್ಬಿಸಿ.

"ವರ್ಜೀನಿಯಾ ಇರೋದು ಅಮೆರಿಕದಲ್ಲಿ. ಕತ್ತರಿಸಿ."

"ಅಯ್ಯೋ, ನಮ್ಮೊಲ್ದಲ್ಲಿ ಬೆಳ್ದದ್ದು ಕಣ್ ಸ್ವಾಮಿ!"

"ನಿಮ್ಮ ಹೊಲ ನಾಡಿನದು. ಗಿಡ ಅಲ್ಲ."

ಬಿದಿರು ಕಡಿಯುವವರು ವಯನಾಡಿನಿಂದ ಬಂದ ಕೂಲಿಗಳು, ಹೋಯಿತು. ಬಿದಿರು ಹೇರಿದ ಲಾರಿಯ ಮೂತಿಯ ಮೇಲೆ ಇಂಗ್ಲಿಷ್ ಅಕ್ಷರ, ಹೋಯಿತು. ಆನೆ ಬಂದಾಗ ನಾವೆಲ್ಲ ಉಸಿರು ಬಿಟ್ಟೆವು. ಆನೆಯನ್ನು ಯಾರು ಏನು ಮಾಡಿಯಾರು?

"ಇದು ಹುಟ್ಟಿದ್ದು ಎಲ್ಲಿ?"

"ಕಾಡ್ನಾಗೆ, ಸ್ವಾಮಿ."

"ಯಾವ ಕಡೆ ಕಾಡು? ಹೋದ ವರ್ಷದಿಂದ ಆಚೆ ಕಡೆಯದು ಕೇರಳ ರಾಜ್ಯ. ಆನೆ ನಮ್ಮದು ಅನ್ನೋದಕ್ಕೆ ದಾಖಲೆ ಇದೆಯಾ?"

ಆನೆಯ ಹತ್ತಿರ ದಾಖಲೆ ಕೇಳಿ ತರುವ ಗಂಡಸು ನಮ್ಮಲ್ಲಿ ಇರಲಿಲ್ಲ. ಅದೂ ಹೋಯಿತು. ಕೊನೆಗೆ ಉಳಿದದ್ದು ಸಾಲಿಗ್ರಾಮದ ಹೊಳೆ, ನೂರು ಅಡಿ. ಆ ಹೊಳೆಯೆಂದರೆ ಕಾವೇರಿ, ಅದು ಹುಟ್ಟುವ ಕೊಡಗು ಅದೇ ಹೋದ ವರ್ಷ ನಮ್ಮ ರಾಜ್ಯಕ್ಕೆ ಸೇರಿತ್ತು, ಬಚಾವಾಯಿತು. ಒಂದು ವರ್ಷ ಮುಂಚೆ ಹರಿದಿದ್ದರೆ ಹೊಳೆಗೂ ಕತ್ತರಿಯೇ.

ಸಾಹೇಬರು ಕೈ ಮುಗಿದರು. "ಸ್ವಾಮಿ, ಇನ್ನಿನ್ನೂರು ಅಡಿಗೆ ಏನು ತೆಗೀಲಿ? ನೀವೇ ಹೇಳ್ಬುಡಿ."

ಅಧಿಕಾರಿಗಳು ಗಂಭೀರವಾಗಿ ಯೋಚಿಸಿದರು. ಅಷ್ಟರಲ್ಲಿ ಪಕ್ಕದ ನಂಜಣ್ಣನ ಮನೆಯಿಂದ ಮುದ್ದೆ ಕೂಡಿಸುವ ವಾಸನೆ ಬಂತು.

"ರಾಗಿಮುದ್ದೆ!" ಎಂದರು. "ಅದಕ್ಕಿಂತ ಅಪ್ಪಟ ಯಾವುದಿದೆ? ಅದನ್ನು ತೆಗೀರಿ. ನಾನೂ ಕೂತು ಊಟ ಮಾಡ್ತೀನಿ. ಸರ್ಕಾರ ಜನರ ಜೊತೆ ಇದೆ ಅಂತ ಕಾಣಬೇಕು."

ನಂಜಣ್ಣನ ಹೆಂಡತಿ ಮಂಗಳಮ್ಮ ಕೋಲಿನಲ್ಲಿ ತೊಳಸಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದಳು. ತಿಮ್ಮಯ್ಯ ಅಂಗಳದ ಬಿಸಿಲಲ್ಲಿ ಕ್ಯಾಮೆರಾ ತಿರುಗಿಸಿದ. ಅಧಿಕಾರಿಗಳು ಕೋಟು ತೊಟ್ಟೇ ಚಕ್ಕಂಬಟ್ಲೆ ಹಾಕಿ ಕೂತರು. ತುತ್ತು ಮುರಿದರು, ಉಪ್ಸಾರಿನಲ್ಲಿ ಅದ್ದಿದರು, ಬಾಯಿಗಿಟ್ಟರು, ಆಮೇಲೆ ಅಗಿಯತೊಡಗಿದರು.

ಮುದ್ದೆಯನ್ನು! ನಮ್ಮಲ್ಲಿ ಹಾಲುಹಲ್ಲಿನ ಮಗುವೂ ಮುದ್ದೆಗೆ ಹಲ್ಲು ತಾಕಿಸುವುದಿಲ್ಲ, ಗುಳುಂ ಎಂದು ನುಂಗುತ್ತದೆ. ಇವರು ದವಡೆ ಎಡಕ್ಕೆ, ಬಲಕ್ಕೆ, ಕಬ್ಬು ಸಿಕ್ಕ ಎಮ್ಮೆಯ ಹಾಗೆ. ಅಂಟು ಹಲ್ಲಿಗೆ ಮೆತ್ತಿಕೊಂಡಿತು, ಬೆರಳು ಹಾಕಿ ಬಿಡಿಸಿಕೊಂಡರು. ಮಂಗಳಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

"ಸ್ವಾಮಿ, ಅದು ಅಂಗಲ್ಲ..." ಎಂದು ನಂಜಣ್ಣ ಬಾಯಿ ತೆರೆದ. ಸಾಹೇಬರು ಅವನ ತೊಡೆ ಜಿಗುಟಿದರು. ಲೈಸೆನ್ಸು ಕೊಡುವ ದವಡೆ ಅದು, ತಿದ್ದುವುದುಂಟೇ?

ತೊಳೆದು ಬಂದ ರೀಲನ್ನು ಅಧಿಕಾರಿಗಳು ಅದೇ ಬ್ಯಾರನ್ನಿನಲ್ಲಿ ಎರಡು ಸಲ ನೋಡಿದರು. ಒಂದು ಅಡಿಯನ್ನೂ ಕತ್ತರಿಸಲಿಲ್ಲ. ಹೊಳೆ ನೂರು, ತಾವು ಇನ್ನೂರು, ಒಟ್ಟು ಮುನ್ನೂರು. 'ಅಪ್ಪಟ ನಾಡಚಿತ್ರ' ಎಂದು ಸರ್ಟಿಫಿಕೇಟಿಗೆ ಮೊಹರು ಒತ್ತಿದರು. "ಲೈಸೆನ್ಸಿಗೆ ಮೊದಲನೇ ಆಟ ನೋಡಿ ರುಜು ಹಾಕ್ತೀನಿ," ಎಂದರು.

ಮೊದಲನೇ ಆಟಕ್ಕೆ ಅವರು ಕುರ್ಚಿಯ ಸಾಲಿನಲ್ಲಿ, ಜರಿ ಪೇಟದೊಂದಿಗೆ. ಹೊಳೆ ಹರಿಯಿತು, ಯಾರೂ ಕೆಮ್ಮಲಿಲ್ಲ. ಮುದ್ದೆ ಬಂತು, ದವಡೆ ಬಂತು. ನೆಲದ ಮೇಲೆ ಕೂತಿದ್ದ ಬಿಳಿಕೆರೆಯ ಚಿಕ್ಕಬೀರಯ್ಯ ದಡಕ್ಕನೆ ಎದ್ದು ನಿಂತ.

"ಲೇ, ಅಗೀತಾವ್ನೆ ಕಣ್ರಲಾ! ಮುದ್ದೆ ಅಗೀತಾವ್ನೆ!"

"ಯಾವೂರ್ದಲಾ ಇದು ಪ್ರಾಣಿ?"

"ನುಂಗೋ! ನುಂಗೋ ಯಪ್ಪಾ!" ಎಂದು ಹೆಂಗಸರ ಕಡೆಯಿಂದಲೂ ಕೂಗೆದ್ದಿತು. ಮುಖ್ಯ ಸಿನಿಮಾ ಯಾರಿಗೂ ಬೇಡವಾಯಿತು, ಇದನ್ನೇ ಮತ್ತೆ ಹಾಕು ಎಂದು ಟೆಂಟಿನ ಗೂಟ ಅಲ್ಲಾಡಿಸಿದರು.

ಮಾರನೇ ಬೆಳಗ್ಗೆ ಅಧಿಕಾರಿಗಳು ಕತ್ತರಿ ಹಿಡಿದೇ ಬಂದರು. "ಆ ಭಾಗ ತೆಗೆದುಹಾಕಿ!"

"ಆಯ್ತು ಸ್ವಾಮಿ," ಎಂದರು ಸಾಹೇಬರು. ಇನ್ನೂರು ಅಡಿ ಹೋದರೆ ಟೆಂಟೂ ಹೋದಂತೆ, ಅವಧಿಗೆ ಉಳಿದಿದ್ದು ಎರಡೇ ದಿನ. ಆದರೂ ರುಜುವಾಗದ ಲೈಸೆನ್ಸಿನ ಜೊತೆ ಕಚೇರಿಯ ಫಾರಂ ಬಿಚ್ಚಿ ಮುಂದಿಟ್ಟರು. "ಇಲ್ಲೊಂದು ಕಲಂ ಐತೆ. ಕತ್ತರಿಸಿದ ಭಾಗದಲ್ಲಿ ನಾಡಿನದಲ್ಲದ್ದು ಏನು ಅಂತ ತಾವು ಬರೀಬೇಕು. ರಾಗಿ ನಮ್ದು. ಮಂಗಳಮ್ಮ ನಮ್ಮೋಳು. ಉಪ್ಸಾರೂ ನಮ್ದೇ. ಇನ್ನುಳ್ದದ್ದು..."

ಹಾಗೆ ಮಾತು ನುಂಗುವುದು ಸಾಹೇಬರಿಗೆ ಗೊತ್ತಿತ್ತು.

ಅಧಿಕಾರಿಗಳು ಪೆನ್ನು ಬಿಚ್ಚಿ ಆ ಕಲಂ ಎರಡು ಸಲ ಓದಿದರು. ಕೊನೆಗೆ ಕ್ಯಾಪು ಹಾಕಿದರು.

"ಇನ್ನೊಂದು ಸಲ ತೆಗೆಯೋಕೆ ಆಗಲ್ವೇನ್ರಿ?"

"ಕ್ಯಾಮೆರಾ ಮದರಾಸಿಗೆ ಹೋಯ್ತು ಸ್ವಾಮಿ."

ಅವರು ಫಾರಂ, ಲೈಸೆನ್ಸು ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ನೆಟ್ಟಗೆ ನಂಜಣ್ಣನ ಮನೆಗೆ ನಡೆದರು. ನಾವು ಹಿಂದೆ ಹಿಂದೆ. ಹೋದವರೇ ಜಗಲಿಯ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, "ಅದನ್ನ ಹೇಗಮ್ಮ ತಿನ್ನೋದು?" ಎಂದರು.

ಮಂಗಳಮ್ಮ ಒಲೆಯಿಂದಿಳಿದ ಮುದ್ದೆ ತಂದಿಟ್ಟಳು. "ತುತ್ತು ಮುರ್ಕಳಿ ಸ್ವಾಮಿ. ಸಾರಲ್ಲಿ ಹೊಳ್ಳಾಡ್ಸಿ. ಹಲ್ಲಿಗೆ ಇವತ್ತು ರಜಾ ಕೊಟ್ಟು, ಕಣ್ ಮುಚ್ಕಂಡು ಬುಟ್ಬುಡಿ."

ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ನಂಜಣ್ಣ ಬೆನ್ನು ನೀವಿದ. ಮೂರನೆಯದು ಗುಳುಂ ಎಂದು ಇಳಿಯಿತು, ಗಂಟಲ ಗೋಲಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು.

"ಈಗ ಆಯ್ತು ನೋಡಿ," ಎಂದಳು ಮಂಗಳಮ್ಮ.

ಸಾಹೇಬರು ಅದೇ ಸಮಯ ನೋಡಿ ಅವರ ಪಕ್ಕದಲ್ಲಿದ್ದ ಲೈಸೆನ್ಸನ್ನೂ ಪೆನ್ನನ್ನೂ ಎತ್ತಿ ಮುಂದೆ ಹಿಡಿದರು. ಬಲಗೈ ತುಂಬ ಮುದ್ದೆ. ನಾಲ್ಕನೇ ತುತ್ತು ಬಿಡಲು ಮನಸ್ಸಿಲ್ಲದೆ ವೀರಭದ್ರಸ್ವಾಮಿಯವರು ಎಡಗೈಯಲ್ಲೇ ರುಜು ಹಾಕಿದರು.