ಲಿಫ್ಟಿನ ನೆತ್ತಿಯ ಮೇಲೊಂದು ಜೊಂಪು

ಮಾವನಿಗೆ ಊಟವಾದ ಮೇಲೆ ಒಂದು ಜೊಂಪು ಆಗಲೇಬೇಕು. ಆಕಾಶವೇ ಕಳಚಿ ಬಿದ್ದರೂ ಅದಕ್ಕೆ ರಜೆಯಿಲ್ಲ. ಲಿಫ್ಟ್ ರಿಪೇರಿ ಮಾಡುವವರಿಗೆ ಹಗಲು ಮಲಗಲು ಜಾಗ ಎಲ್ಲಿಂದ ಬರಬೇಕು? ಅದಕ್ಕೂ ಮಾವ ದಾರಿ ಕಂಡುಕೊಂಡಿದ್ದರು. ಎರಡು ಮಹಡಿಗಳ ನಡುವೆ ನಿಲ್ಲಿಸಿದ ಲಿಫ್ಟಿನ ನೆತ್ತಿಯ ಮೇಲೆ ಗೋಣಿಚೀಲ ಹಾಸಿ, ಹೊರಬಾಗಿಲು ಎಳೆದುಕೊಂಡು, ಆ ಕತ್ತಲ ಬಾವಿಯೊಳಗೆ ಹಾಯಾಗಿ ಕಾಲು ಚಾಚುತ್ತಿದ್ದರು. ತಂಪು, ಸದ್ದಿಲ್ಲ, ಬಂದು ತಲೆ ತಿನ್ನುವವರಿಲ್ಲ.

“ಸ್ವರ್ಗ ಕಣಯ್ಯ. ಅದೂ ಸಾಯದೇನೇ ಸಿಗೋ ಸ್ವರ್ಗ” ಎನ್ನುತ್ತಿದ್ದರು.

ಅವರ ಅಳಿಯನೇ ಅವರ ಸಹಾಯಕ. ಮಾವ ಮೇಲಿರುವಷ್ಟು ಹೊತ್ತೂ ಅವನು ನೆಲಮಹಡಿಯ ಇಕ್ಕಟ್ಟು ಕೋಣೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿಕೊಂಡು ಕಾವಲು ಕೂರಬೇಕು. ಮಾವ ಎದ್ದು, ಕೆಲಸ ಮುಗಿಸಿ, ಹೊರಗೆ ಬಂದು, ಬಾಗಿಲ ಚೌಕಟ್ಟಿಗೆ ಸ್ಪ್ಯಾನರಿನಿಂದ ಠಣ್ ಠಣ್ ಎಂದು ಬಡಿದರೆ ಆಗ ಸ್ವಿಚ್ ಹಾಕುವುದು. ಇಷ್ಟು ಸಾಲದೆಂಬಂತೆ ಲಿಫ್ಟಿನ ನೆತ್ತಿಯ ಮೇಲೆ ಒಂದು ಕೆಂಪು ಗುಂಡಿ ಬೇರೆ. ಅದನ್ನು ಒತ್ತಿಟ್ಟರೆ ಕರೆಂಟ್ ಇದ್ದರೂ ಲಿಫ್ಟ್ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಮಾವ ಅದನ್ನು ಒತ್ತದೆ ಒಂದು ದಿನವೂ ಮಲಗಿದವರಲ್ಲ. ಅಳಿಯನಿಗೆ ಮೈ ಉರಿಯುತ್ತಿದ್ದುದು ಅದಕ್ಕೇ. ಇವತ್ತು ಬೆಳಿಗ್ಗೆ ಬಾಯಿಬಿಟ್ಟು ಹೇಳಿಯೇಬಿಟ್ಟಿದ್ದ.

“ಕೆಳಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತೀನಿ. ಆದ್ರೂ ನೀವು ಆ ಗುಂಡಿ ಒತ್ತೇ ಮಲಗ್ತೀರಿ. ಮಗಳನ್ನ ಕೊಟ್ರಿ, ನಂಬಿಕೆ ಮಾತ್ರ ಕೊಡ್ಲಿಲ್ಲ ಬಿಡಿ.”

“ಅಭ್ಯಾಸ ಕಣಯ್ಯ ಅದು.”

“ಅಭ್ಯಾಸ ಅಂತೆ!”

ಆಮೇಲೆ ಅಳಿಯ ಮುಖ ದಪ್ಪ ಮಾಡಿಕೊಂಡೇ ಇದ್ದ. ಮಾವ ಏನೋ ಹೇಳಲು ಬಾಯಿ ತೆರೆದವರು, ಸುಮ್ಮನೆ ಮೆಟ್ಟಿಲು ಹತ್ತಿ ಹೋದರು.

ಮಧ್ಯಾಹ್ನ ಮೇನ್ ಸ್ವಿಚ್ ಆಫ್ ಮಾಡಿ, ಅಳಿಯ ಕೆಳಗಿನ ಕೋಣೆಯಲ್ಲಿ ಒಬ್ಬನೇ ಕೂತು ಡಬ್ಬಿಯ ಊಟ ಮುಗಿಸಿದ. ಮನೆಯಲ್ಲಿ ಮಗುವಿಗೆ ಹಲ್ಲು ಬರುತ್ತಿತ್ತು. ಅವನು ಸರಿಯಾಗಿ ನಿದ್ದೆ ಮಾಡಿ ವಾರವಾಗಿತ್ತು. ಹಗಲು ಮಲಗುವವರು ಸೋಮಾರಿಗಳೆಂದು ಸಾರಿಕೊಂಡು ತಿರುಗುತ್ತಿದ್ದ ಮಹರಾಯ, ಒಂದು ನಿಮಿಷ ಕಣ್ಣು ಮುಚ್ಚಿದರೆ ಯಾವ ಗಂಟು ಹೋಗುತ್ತದೆ ಎಂದುಕೊಂಡು ಗೋಡೆಗೆ ಒರಗಿದ. ಗೋಡೆ ತಣ್ಣಗಿತ್ತು. ಕತ್ತು ಸಡಿಲವಾಯಿತು, ಹೆಗಲು ಇಳಿಯಿತು, ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಹೊರಗೆ ಯಾರೋ ಮಾತಾಡುವುದು ಕೇಳುತ್ತಿತ್ತು, ಆದರೆ ಅದು ಅವನಿಗೆ ಸಂಬಂಧಿಸಿದ್ದಲ್ಲ. ಎಷ್ಟು ಸುಖವಾಗಿತ್ತೆಂದರೆ, ಇಷ್ಟು ವರ್ಷ ಮಾವನನ್ನು ಹಂಗಿಸಿದ್ದಕ್ಕೆ ನಿದ್ದೆಗಣ್ಣಿನಲ್ಲೇ ಅವನಿಗೆ ನಾಚಿಕೆಯಾಯಿತು.

ಠಣ್, ಠಣ್.

ಅವನು ದಡಬಡಿಸಿ ಎದ್ದ. ಬೆಳಗೋ ಸಂಜೆಯೋ ತಿಳಿಯದ ಮಂಪರು. ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಮೇನ್ ಸ್ವಿಚ್ ಹಾಕಿ, ಆಕಳಿಸುತ್ತ ಹೊರಗೆ ಬಂದ. ಬೆಳಿಗ್ಗೆಯಿಂದ ಗೊಣಗುತ್ತಿದ್ದ ಕಟ್ಟಡದ ಮ್ಯಾನೇಜರ್ ಲಿಫ್ಟಿನ ಮುಂದೆಯೇ ನಿಂತಿದ್ದರು.

“ಮುಗೀತಾ ಅಂತೂ?”

“ಮುಗೀತು ಸಾರ್.”

ಮ್ಯಾನೇಜರ್ ಬಟನ್ ಒತ್ತಿದರು. ಬಾಗಿಲ ಮೇಲೆ ಐದು ಎಂಬ ಅಂಕಿ ಹೊತ್ತಿಕೊಂಡಿತು. ಆಗಲೇ ಮೆಟ್ಟಿಲ ಬಳಿಯಿಂದ ಮತ್ತೆ ಕೇಳಿಸಿತು: ಠಣ್, ಠಣ್. ನೆಲ ಒರೆಸುವಾಕೆ ಕಬ್ಬಿಣದ ಬಕೆಟ್ಟಿನ ಬಾಗಿದ ಹಿಡಿಯನ್ನು ಮೆಟ್ಟಿಲಿಗೆ ಬಡಿದು ನೆಟ್ಟಗೆ ಮಾಡುತ್ತಿದ್ದಳು.

ಹಾಗಾದರೆ ಮೊದಲು ಬಡಿದದ್ದು ಮಾವನಲ್ಲ! ಅಳಿಯ ತಟ್ಟನೆ ತಲೆಯೆತ್ತಿದ. ಐದು ಹೋಗಿ ನಾಲ್ಕಾಯಿತು. ಲಿಫ್ಟ್ ಇಳಿಯುತ್ತಿದೆ! ಮರುಕ್ಷಣವೇ ಹೋದ ಜೀವ ಬಂದಂತಾಯಿತು. ಇಳಿಯುತ್ತಿದೆ ಎಂದರೆ ಗುಂಡಿ ಒತ್ತಿಲ್ಲ, ಗುಂಡಿ ಒತ್ತಿಲ್ಲ ಎಂದರೆ ಮಾವ ಎದ್ದು ಹೊರಬಂದಿದ್ದಾರೆ. ಒತ್ತದೆ ಅವರು ಮಲಗುವುದುಂಟೇ?

ಬೆಳಗಿನ ತನ್ನ ಮಾತು ನೆನಪಾಯಿತು. ಬಾಯಿ ತೆರೆದು ಸುಮ್ಮನಾದ ಮಾವನ ಮುಖವೂ ನೆನಪಾಯಿತು.

ಅವನು ಮ್ಯಾನೇಜರನ್ನು ತಳ್ಳಿಕೊಂಡೇ ಕೋಣೆಗೆ ನುಗ್ಗಿದ. ಲಿಫ್ಟ್ ಇಳಿಯುವಾಗ ಅದಕ್ಕೆ ಜೋಡಿಯಾದ ಕಬ್ಬಿಣದ ಭಾರ ಪಕ್ಕದಲ್ಲೇ ಮೇಲೇರುತ್ತದೆ. ನಾಲ್ಕನೆಯ ಮಹಡಿ ದಾಟುತ್ತಲೇ ಎರಡೂ ಮೈಗೆ ಮೈ ತಾಗುವಂತೆ ಹಾಯುತ್ತವೆ. ಮಾವ ಕಾಲು ಚಾಚುವುದು ಆ ಕಡೆಗೇ. ಸ್ವಿಚ್ ಎಳೆದ. ಅಂಕಿ ಆರಿಹೋಯಿತು.

“ಏನ್ರೀ ಇದು, ಮತ್ತೆ ಕೆಟ್ಟುಹೋಯ್ತಾ?” ಎಂದು ಮ್ಯಾನೇಜರ್ ಕೂಗಿದರು. ಅಳಿಯ ಆಗಲೇ ಮೆಟ್ಟಿಲು ಹಾರುತ್ತಿದ್ದ. ಹೆಂಡತಿಗೆ ಏನೆಂದು ಹೇಳಲಿ, ಯಾವ ಬಾಯಲ್ಲಿ ಹೇಳಲಿ? ನಾಲ್ಕನೆಯ ಮಹಡಿಯಲ್ಲಿ ಕೀಲಿ ಬಾಗಿಲಿಗೆ ಸೇರದೆ ಎರಡು ಸಲ ಕೈಜಾರಿ ಬಿತ್ತು. ಕೊನೆಗೆ ಬಾಗಿಲು ಸರಿಸಿ ಟಾರ್ಚ್ ಬಿಟ್ಟ.

ಮೊಣಕಾಲಷ್ಟು ಕೆಳಗೆ ಲಿಫ್ಟಿನ ನೆತ್ತಿ. ಅದರ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ಮಾವ. ಪಾದಗಳೆರಡೂ ಅಂಚಿನಿಂದಾಚೆ ಚಾಚಿಕೊಂಡಿದ್ದವು. ಅವುಗಳಿಂದ ಗೇಣಷ್ಟೇ ಕೆಳಗೆ, ಬರುತ್ತಿದ್ದ ಕಬ್ಬಿಣದ ಭಾರ ನಿಂತಿತ್ತು.

ಮಾವ ಗೊರಕೆ ಹೊಡೆಯುತ್ತಿದ್ದರು.

ಅಳಿಯ ಮೆಲ್ಲಗೆ ಇಳಿದು ಮೊದಲು ಆ ಕೆಂಪು ಗುಂಡಿ ಒತ್ತಿದ. ಟಕ್ ಎಂದಿತು. ಲಿಫ್ಟ್ ಇಳಿದರೂ ಏಳದ ಮನುಷ್ಯ ಅಷ್ಟಕ್ಕೇ ಕಣ್ಣು ಬಿಟ್ಟರು.

“ಯಾಕಯ್ಯಾ ಒತ್ತಿದೆ? ಕೆಳಗೆ ನೀನಿದ್ಯಲ್ಲ ಅಂತ ಇವತ್ತು ಹಾಗೇ ಬಿಟ್ಟಿದ್ದೆ.”

“ಮಾವ, ನಾನು ನಿದ್ದೆ ಹೋಗ್ಬಿಟ್ಟಿದ್ದೆ.”

ಮಾವ ಗೋಡೆಯ ಮೇಲೆ ಬರೆದಿದ್ದ ಮಹಡಿಯ ಅಂಕಿಯನ್ನು ನೋಡಿದರು. ಮಲಗುವಾಗ ಅಲ್ಲಿ ಐದು ಇತ್ತು, ಈಗ ನಾಲ್ಕು. ಆಮೇಲೆ ತಮ್ಮ ಪಾದಗಳತ್ತ ನೋಡಿ, ಒಂದೊಂದಾಗಿ ಒಳಗೆ ಎಳೆದುಕೊಂಡರು.

“ಚೆನ್ನಾಗಿ ಬಂತಾ ನಿದ್ದೆ?” ಎಂದು ಕೇಳಿದರು.

“ತುಂಬಾ ಚೆನ್ನಾಗಿತ್ತು ಮಾವ” ಎಂದವನು ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತುಬಿಟ್ಟ.

ಮಾವ ಅವನ ಕೈ ಹಿಡಿದು ಎಬ್ಬಿಸಿದರು. ಕೆಂಪು ಗುಂಡಿ ಒತ್ತಿದಂತೆಯೇ ಇದೆಯೇ ಎಂದು ಇನ್ನೊಮ್ಮೆ ಬೆರಳಿಟ್ಟು ನೋಡಿದರು.