ಎತ್ತಿದ ಕೈ

"ಇದೇನೇ ಇದು, ಕೈಯೋ ಸೌತೆಕಾಯಿ ಗೊಂಚಲೋ?"

ಗಂಡ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕ. ಬಾಗಿಲಿಗೆ ಒರಗಿ ನಿಂತಿದ್ದ ಅವಳ ತಮ್ಮನೂ ನಕ್ಕ. ಅವಳು ಹಾಳೆಯನ್ನು ವಾಪಸು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು. ಅದರ ಕೆಳಗೆ ಅವನಿಗೆ ಒಪ್ಪಿಗೆಯಾಗದ ಇನ್ನಷ್ಟು ಕೈಗಳಿದ್ದವು.

ಭಾವ ಮೈದುನ ಇಬ್ಬರೂ ಸೇರಿ ಭಾರ ಸಾಗಿಸುವ ಕಂಪನಿ ತೆರೆಯುವವರಿದ್ದರು. ಹಳೆಯ ಲಾರಿ, ಹಗ್ಗ, ಹಲಗೆ, ಕಬ್ಬಿಣದ ಉರುಳೆಗಳು, ಅಷ್ಟೇ ಅವರ ಆಸ್ತಿ. ಮನೆ ಬದಲಾಯಿಸುವವರ ಬೀರು, ಅಂಗಡಿಯ ತಿಜೋರಿ, ಗಿರಣಿಯ ಯಂತ್ರ, ಯಾವುದಾದರೂ ಸರಿ. 'ಎತ್ತಿದ ಕೈ' ಎಂದು ಹೆಸರಿಟ್ಟವನು ಗಂಡನೇ. ಹಳ್ಳಿಯಲ್ಲಿದ್ದಾಗ ಕೆಸರಿನಲ್ಲಿ ಅಚ್ಚಿನವರೆಗೂ ಹೂತ ಗಾಡಿಯನ್ನು ಒಬ್ಬನೇ ಭುಜ ಕೊಟ್ಟು ಎತ್ತಿದ್ದನಂತೆ. ಆಗಿನಿಂದ, ಭಾರ ಹೊರುವುದರಲ್ಲಿ ಅವನದು ಎತ್ತಿದ ಕೈ ಎಂದು ಜನ ಹೇಳುತ್ತಿದ್ದರು. ಮದುವೆಗೆ ಮುಂಚೆ ಅವಳು ಪ್ರೆಸ್ಸೊಂದರಲ್ಲಿ ಚಿತ್ರ, ಅಕ್ಷರ ಬರೆಯುತ್ತಿದ್ದವಳು. ಹಾಗಾಗಿ ಲೋಗೋ, ವಿಸಿಟಿಂಗ್ ಕಾರ್ಡು ಎರಡೂ ಅವಳ ಪಾಲಿಗೆ ಬಂದವು.

"ಅಕ್ಕಾ, ಕೈ ಬರ್ದೇ ಇದ್ರೆ ಎತ್ತಿನ ಚಿತ್ರ ಹಾಕ್ಬಿಡು," ಎಂದ ತಮ್ಮ. "ಎತ್ತು ಅಂತ ಹೆಸರಲ್ಲೇ ಇದೆ. ಭಾವನ ಮುಖಕ್ಕೂ ಹೊಂದುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೂ ಸೋರಿಹೋಯಿತು. ಗಂಡನೂ ಜೋರಾಗಿ ನಕ್ಕು ಮೈದುನನ ಬೆನ್ನಿಗೆ ಗುದ್ದಿದ.

ಆಮೇಲೆ ಇಬ್ಬರೂ ಮೂಲೆಯ ಬೀರುವನ್ನು ಎತ್ತಿ ಅಭ್ಯಾಸ ಮಾಡಿದರು. ಗಂಡ ಒಂದು ಕಟ್ಟಳೆ ಮಾಡಿದ್ದ. ಭಾರ ಕೈಯಲ್ಲಿರುವಾಗ 'ಬಿಡು' ಎಂಬ ಮಾತನ್ನು ತಮಾಷೆಗೂ ಆಡಕೂಡದು. ತಾಳು ಅನ್ನಬಹುದು, ಒರಗಿಸು, ಇಳಿಸು ಅನ್ನಬಹುದು. ಬಿಡು ಎಂದರೆ ಕೈ ತಾನಾಗಿ ಬಿಚ್ಚಿಕೊಳ್ಳಬೇಕು. ಯಾಕೆ, ಏನು ಎಂದು ಯೋಚಿಸುತ್ತ ನಿಂತವನ ಬೆರಳು ಹೋಗುತ್ತದೆ. ಅವನ ಕಿರುಬೆರಳು ಹಾಗೆಯೇ ಒಮ್ಮೆ ಮುರಿದು, ಹೊರಕ್ಕೆ ಸೊಟ್ಟಗೆ ಕೂಡಿಕೊಂಡಿತ್ತು. ಅಭ್ಯಾಸಕ್ಕೆ ಮಾತು ಕೂಗುವ ಕೆಲಸ ಅವಳದು. ಅವಳು "ಬಿಡು" ಎಂದ ಕೂಡಲೇ ಇಬ್ಬರ ಕೈಗಳೂ ಒಟ್ಟಿಗೆ ಬಿಚ್ಚಿಕೊಂಡು, ಬೀರು ಧಪ್ಪೆಂದು ನೆಲಕ್ಕೆ ಕೂರುತ್ತಿತ್ತು.

ತಮ್ಮ ಹೊರಟುಹೋದ ಮೇಲೆ ಗಂಡ ಬಾಗಿಲು ಹಾಕಿದ.

"ನಗು ಬಂತಾ ನಿಂಗೆ?"

"ಅಯ್ಯೋ, ಅವನು ಏನೋ ತಮಾಷೆಗೆ ಅಂದಿದ್ದಕ್ಕೆ..."

ಮೊದಲ ಏಟಿಗೆ ಅವಳು ಕುರ್ಚಿಯ ಸಮೇತ ಉರುಳಿದಳು. ಮೇಜಿನ ಅಂಚು ಹುಬ್ಬಿಗೆ ತಾಗಿತು. ಶಾಯಿಯ ಬಾಟಲಿ ಉರುಳಿ ಹಾಳೆಗಳ ಮೇಲೆ ಕಪ್ಪು ಹರಿಯಿತು. ಅವನು ಪಕ್ಕೆಗೆ ಒದ್ದ. ಏಳಲು ಹೋದವಳ ಕೂದಲು ಹಿಡಿದು ಮತ್ತೆ ಕೆಳಗೆ ತಳ್ಳಿದ. "ತಮ್ಮನ ಮುಂದೆ ನನ್ನನ್ನ ಎತ್ತು ಅಂತ ನಗ್ತೀಯಾ?" ಬಾಯಿಯೊಳಗೆ ರಕ್ತದ ರುಚಿ ಬಂತು. ಅವನು ಇನ್ನೊಮ್ಮೆ ಕೈ ಎತ್ತಿದ. ಯಾವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಆವತ್ತು ಮುಚ್ಚಲಿಲ್ಲ. ಕಿಟಕಿಯ ಬೆಳಕಿಗೆ ಅಡ್ಡವಾಗಿ ಕೈ ನಿಂತಿತ್ತು. ಹೆಬ್ಬೆರಳು ಬೇರೆಯಾಗಿ, ಮಿಕ್ಕ ಬೆರಳುಗಳು ಅಗಲವಾಗಿ, ಕಿರುಬೆರಳು ಸೊಟ್ಟಗೆ. ಅಂಗೈಯ ಬುಡ ದಪ್ಪಗೆ, ತುದಿಗಳು ದೂರದಲ್ಲಿ ಸಣ್ಣಗೆ ಕಂಡವು. ಇಷ್ಟು ದಿನ ತಾನು ಅಳತೆ ತಪ್ಪಿದ್ದು ಇಲ್ಲೇ ಎಂದು ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಕೈ ಇಳಿಯಿತು.

ಅವನು ಮುಖ ತೊಳೆದುಕೊಂಡು ಬಂದು ಮಲಗಿದ. ಅವಳು ನೆಲ ಒರೆಸಿ, ಒದ್ದೆ ಬಟ್ಟೆಯನ್ನು ಹುಬ್ಬಿಗೆ ಒತ್ತಿಕೊಂಡು, ಹೊಸ ಹಾಳೆ ತೆಗೆದಳು. ಚಿತ್ರ ಒಂದೇ ಸಲಕ್ಕೆ ಬಂತು.

ಎದ್ದು ಬಂದವನು ನೋಡಿ ಕಣ್ಣರಳಿಸಿದ. "ಆಹಾ! ಕೈ ಅಂದ್ರೆ ಇದು. ನೋಡಿದ್ಯಾ, ಎರಡು ಬಿದ್ರೇನೇ ನಿನ್ನ ಕೈ ಚುರುಕಾಗೋದು." ತನ್ನದೇ ಕೈಯಲ್ಲಿ ಹಾಳೆಯನ್ನು ಹಿಡಿದು ಮತ್ತೆ ಮತ್ತೆ ನೋಡಿದ. ಅವನಿಗೆ ಗುರುತು ಸಿಗಲಿಲ್ಲ.

ಕಂಪನಿಯ ಮೊದಲ ಕೆಲಸ, ಅಂಗಡಿಯೊಂದರ ಮಾಳಿಗೆಯಿಂದ ತಿಜೋರಿ ಇಳಿಸುವುದು. ಪ್ರೆಸ್ಸಿನಿಂದ ಕಾರ್ಡುಗಳ ಪೆಟ್ಟಿಗೆ ತೆಗೆದುಕೊಂಡು ನೇರ ಅಲ್ಲಿಗೇ ಬಾ ಎಂದು ಗಂಡ ಹೇಳಿದ್ದ. ಅವಳು ಹೋದಾಗ ಮೆಟ್ಟಿಲ ಮೇಲೆ ಹಲಗೆ ಹಾಸಿತ್ತು. ಗಂಡ ಕೆಳಗಡೆ ತಿಜೋರಿಗೆ ಎರಡೂ ಅಂಗೈ ಕೊಟ್ಟು ನಿಲ್ಲುವವನು, ತಮ್ಮ ಮೇಲುಗಡೆ ಹಗ್ಗ ಹಿಡಿದು ನಿಧಾನಕ್ಕೆ ಸಡಿಲಿಸುವವನು. ಅವಳು ಪಕ್ಕದಿಂದ ಹತ್ತಿ ಹೋಗಿ ತಮ್ಮನ ಹತ್ತಿರ ನಿಂತಳು.

ತಮ್ಮ ಒಂದು ಕಾರ್ಡು ತೆಗೆದು ನೋಡಿದ. ನಗುತ್ತಿದ್ದ ಮುಖ ಮೆಲ್ಲಗೆ ಗಟ್ಟಿಯಾಯಿತು.

"ಅಕ್ಕಾ, ಇದನ್ನ ಎಲ್ಲಿ ಕೂತು ಬರೆದೆ?"

"ಇನ್ನೆಲ್ಲಿ, ಮೇಜಿನ ಹತ್ರ."

"ಅಲ್ಲ. ಇದು ಭಾವನ ಕಿರುಬೆರಳು. ಕೆಳಗೆ ಬಿದ್ದವರಿಗೆ ಕಾಣೋ ಹಾಗಿದೆ ಕೈ." ಅವಳ ಹುಬ್ಬಿನ ಮೇಲೆ ಆರುತ್ತಿದ್ದ ಗಾಯವನ್ನು ನೋಡಿದ. "ಬಾಗಿಲು ತಾಗ್ತು ಅಂದಿದ್ದೆ."

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಏನ್ರೋ ಅದು, ಅಕ್ಕ ತಮ್ಮ ಆಮೇಲೆ ಹರಟೆ ಹೊಡೀರಿ!" ಕೆಳಗಿನಿಂದ ಗಂಡ ಕೂಗಿದ. "ಹಗ್ಗ ಹಿಡಿಯೋ!"

ತಿಜೋರಿ ಹಲಗೆಯ ಮೇಲೆ ಕಿರುಗುಡುತ್ತ ಇಳಿಯತೊಡಗಿತು. ಅರ್ಧ ಇಳಿದಾಗ ತಮ್ಮ ಹಗ್ಗವನ್ನು ಸೊಂಟಕ್ಕೆ ಕೊಟ್ಟು ನಿಲ್ಲಿಸಿದ.

"ಭಾವ, ಅಕ್ಕನ್ನ ಹೊಡೀತೀರಾ?"

"ತಲೆ ಕೆಟ್ಟಿದ್ಯೇನೋ? ಇಳಿಸು ಮೊದ್ಲು."

"ಹೊಡೀತೀಯಾ ಅಂತ ಕೇಳ್ದೆ."

ಎಂದೂ ಏಕವಚನ ಆಡದ ಹುಡುಗ. ಗಂಡ ತಲೆಯೆತ್ತಿದ. ಕತ್ತಿನ ನರಗಳು ಉಬ್ಬಿದ್ದವು, ಬೆವರು ಕಣ್ಣಿಗಿಳಿಯುತ್ತಿತ್ತು. ಭಾರವೆಲ್ಲ ಕೈಯ ಮೇಲಿದ್ದರೂ ದನಿ ಮಾತ್ರ ತಗ್ಗಲಿಲ್ಲ.

"ಹೂಂ ಕಣೋ, ಹೊಡೀತೀನಿ. ನನ್ನ ಹೆಂಡ್ತಿ. ಏನೀಗ? ಇಳಿಸು, ಆಮೇಲೆ ನಿನ್ನ ಹಲ್ಲೂ ಎಣಿಸ್ತೀನಿ." ಅವಳ ಕಡೆ ನೋಡಿದ. "ಚಾಡಿ ಹೇಳಿದ್ದೀಯಾ? ಬಾರೇ ಮನೆಗೆ. ಆವತ್ತಿಂದು ಏನೂ ಅಲ್ಲ ಅನ್ನಿಸಿಬಿಡ್ತೀನಿ."

ತಮ್ಮ ಹಿಮ್ಮಡಿ ಊರಿ ಹಿಂದಕ್ಕೆ ವಾಲಿದ. ಹಗ್ಗ ಅಂಗೈಯೊಳಗೆ ಇಂಚಿಂಚಾಗಿ ಜಾರುತ್ತಿತ್ತು. ಬಿಗಿದ ಹಲ್ಲುಗಳ ನಡುವಿನಿಂದ ಅವನು "ಅಕ್ಕಾ" ಎಂದ, ಅಷ್ಟೇ.

ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಜಗಳ ಬಿಡಿಸುವ ಹೆಂಗಸರು ಇಡುವ ಹಾಗೆಯೇ ಇಟ್ಟಳು.

"ಬಿಡು," ಎಂದಳು.

ಕೈಗಳು ಬಿಚ್ಚಿಕೊಂಡವು.

ಹಗ್ಗ ಹಾವಿನಂತೆ ಸರ್ರನೆ ಓಡಿತು. ಗಂಡ ಪಕ್ಕಕ್ಕೆ ಹಾರಿದ. ಮೈ ತಪ್ಪಿಸಿಕೊಂಡಿತು, ಬಲಗೈ ತಪ್ಪಿಸಿಕೊಳ್ಳಲಿಲ್ಲ. ತಿಜೋರಿ ಅದನ್ನು ಗೋಡೆಗೆ ಕೊಟ್ಟು ಅರೆದುಕೊಂಡು ಕೆಳಗಿನವರೆಗೂ ಹೋಗಿ ನೆಲದ ಕಲ್ಲು ಸೀಳಿ ನಿಂತಿತು. ಮೊದಲು ಮೂಳೆಯ ಸದ್ದು, ಆಮೇಲೆ ಅವನ ಕೂಗು. ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ ಕೆಂಪು ಪಟ್ಟೆ ಎಳೆದಿತ್ತು. ಅವಳ ಕೈಯಿಂದ ಜಾರಿದ ಪೆಟ್ಟಿಗೆಯ ಕಾರ್ಡುಗಳು ಮೆಟ್ಟಿಲ ತುಂಬ ಹರಡಿ, ಪ್ರತಿಯೊಂದರಲ್ಲೂ ಕೈ ಎತ್ತಿಕೊಂಡೇ ಇತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ ಅವಳ ಪಕ್ಕ ಬಂದು ಕೂತ.

"ಅಕ್ಕಾ, ನೀನು ಹೋಗ್ಲಿ ಬಿಡು ಅಂತ ಅಂದ್ಯಾ? ಇಲ್ಲಾ..."

"ನಿನ್ನ ಅಂಗೈ ಸುಲಿದುಹೋಗಿದೆ ನೋಡು," ಎಂದಳು ಅವಳು. "ತೋರಿಸು ಇಲ್ಲಿ."

ಒಳಗೆ ಗಂಡ ಔಷಧದ ಮಂಪರಿನಲ್ಲಿದ್ದ. ಬಾವು ಇಳಿಯಲೆಂದು, ಬ್ಯಾಂಡೇಜು ಸುತ್ತಿದ ಕೈಯನ್ನು ಕಬ್ಬಿಣದ ಕಂಬಕ್ಕೆ ಎತ್ತಿ ಕಟ್ಟಿದ್ದರು. ಹಾಸಿಗೆಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಅವಳು ಕೂತಳು. ನರ್ಸ್ ಬಂದು ಗಂಟು ಬಿಚ್ಚಿ ಇನ್ನೂ ಸ್ವಲ್ಪ ಮೇಲಕ್ಕೆ ಕಟ್ಟುವಾಗ, ಅದು ಅವಳ ತಲೆಯ ಮೇಲೆ ಒಮ್ಮೆ ತೂಗಿತು. ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು, ಭುಜಗಳು ಕಿವಿಯವರೆಗೆ ಬಂದವು.

ನರ್ಸಿನ ಚಪ್ಪಲಿಯ ಸದ್ದು ದೂರವಾದ ಮೇಲೆ ಕಣ್ಣು ತೆರೆದಳು. ಕೈ ಅಲ್ಲೇ, ಮೇಲೆಯೇ ನಿಂತಿತ್ತು.